ಸ್ವೆಟರಿನವರೂ ಮಣಿಸರದವರೂ

ನಮ್ಮ ಜಿಲ್ಲೆಯ ಓದುಬಲ್ಲವರ ನಡುವೆ ಒಂದು ವಾದ ಬಹಳ ಕಾಲದಿಂದ ಸವಕಲು ನಾಣ್ಯದಂತೆ ಕೈಯಿಂದ ಕೈಗೆ ನಡೆಯುತ್ತಿದೆ. ಅದನ್ನು ಕಲ್ಲಿನ ಮೇಲೆ ಎಸೆದು ಸದ್ದು ಕೇಳಿದವರು ಯಾರೂ ಇದ್ದಂತಿಲ್ಲ. ವಾದ ಇಷ್ಟೆ: “ಟಿಬೆಟ್ಟಿನವರನ್ನು ನೋಡಿ. ಉಟ್ಟ ಬಟ್ಟೆಯಲ್ಲಿ ಬಂದರು, ಕಾಡು ಕಡಿದು ಊರು ಕಟ್ಟಿದರು. ಇಂದು ಅವರ ಗುಡಿಯನ್ನು ನೋಡಲು ನಾವು ಕಾರು ಮಾಡಿಕೊಂಡು ಹೋಗುತ್ತೇವೆ. ಈ ಹಕ್ಕಿಪಿಕ್ಕಿಯವರನ್ನೂ ನೋಡಿ. ಅವರಿಗೂ ಸರ್ಕಾರ ಜಾಗ ಕೊಟ್ಟಿತು. ಆದರೂ ಜಾತ್ರೆಯಿಂದ ಜಾತ್ರೆಗೆ ಮಣಿಸರ ಹೊತ್ತು ತಿರುಗುವುದು ತಪ್ಪಲಿಲ್ಲ. ಎಲ್ಲ ಅವರವರ ಗುಣ, ಸ್ವಾಮಿ.” ನಂಜನಗೂಡಿನಲ್ಲಿ ನಾನು ಪಾಠ ಹೇಳುವ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಕೇಳಿದ್ದೇನೆ. ನನ್ನ ಹುಟ್ಟೂರಾದ ತಿರುಮಕೂಡಲು ನರಸೀಪುರದ ಮದುವೆಮನೆಗಳಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿನಲ್ಲಿ ಕೇಳಿದ್ದೇನೆ. ಇತ್ತೀಚೆಗೆ ಒಂದು ಸಭೆಯಲ್ಲಿ ವಿದ್ವಾಂಸರೆನಿಸಿದ ಮಹನೀಯರೊಬ್ಬರು ಇದನ್ನೇ ವೇದಿಕೆಯಿಂದ ಅಪ್ಪಣೆ ಕೊಡಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಕಾಫಿಯ ಜೊತೆಗೆ ಆಡುವ ಮಾತು ವೇದಿಕೆ ಹತ್ತಿದ ಮೇಲೆ ಯಾರಾದರೊಬ್ಬರು ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.

ನಾನು ಅರ್ಥಶಾಸ್ತ್ರ ಓದಿದವನಲ್ಲ, ಸಮಾಜಶಾಸ್ತ್ರವನ್ನೂ ಅಲ್ಲ. ಕನ್ನಡ ಮೇಷ್ಟ್ರು. ಆದರೆ ಶಬ್ದಗಳ ವ್ಯಾಪಾರ ನನ್ನ ಕಸುಬು, ಮತ್ತು ‘ಗುಣ’ ಎಂಬ ಶಬ್ದವನ್ನು ಇಷ್ಟು ಸೋಮಾರಿಯಾಗಿ ಬಳಸುವುದನ್ನು ಕೇಳಿದಾಗ ನನಗೆ ಸುಮ್ಮನಿರಲಾಗುವುದಿಲ್ಲ. ಕಾರಣವನ್ನು ಹುಡುಕುವ ಶ್ರಮ ಬೇಡವೆನಿಸಿದಾಗ ನಮ್ಮ ಜನ ಗುಣದ ಮೊರೆ ಹೋಗುತ್ತಾರೆ. ಮಳೆ ಬಾರದಿದ್ದರೆ ಕಾಲದ ಗುಣ, ಹುಡುಗ ಓದದಿದ್ದರೆ ವಂಶದ ಗುಣ.

ಇಬ್ಬರೂ ‘ಹೊರಗಿನಿಂದ ಬಂದವರು’ ಎಂಬ ಮಾತನ್ನು ಮೊದಲು ನೋಡೋಣ. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳವರು ಈ ಮಾತನ್ನು ಆಡುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಕಾವೇರಿ ಕಪಿಲೆಯರು ಕೂಡುವ ನಮ್ಮೂರಿನ ದಂಡೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರು 1960ರ ಆಚೀಚೆ ಉತ್ಖನನ ನಡೆಸಿ, ನವಶಿಲಾಯುಗದ ಜನ ಇಲ್ಲಿ ಬಾಳಿದ್ದರೆಂದು ತೋರಿಸಿದರು. ನಮ್ಮಲ್ಲಿ ಯಾರು ಅವರ ನೇರ ವಂಶದವರೆಂದು ಎದೆ ತಟ್ಟಿ ಹೇಳಬಲ್ಲರು? ತಲಕಾಡಿನಲ್ಲಿ ಗಂಗರು ಆಳಿದರು. 1004ರಲ್ಲಿ ಚೋಳರು ಬಂದು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟರು. ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ಅವರನ್ನು ಓಡಿಸಿ ‘ತಲಕಾಡುಗೊಂಡ’ನೆಂದು ಬಿರುದು ಧರಿಸಿದ. ರಾಜ ಹೋದ, ಆದರೆ ಅವನ ಹಿಂದೆ ಬಂದ ಅರ್ಚಕ, ಕುಶಲಕರ್ಮಿ, ಒಕ್ಕಲಿಗ ಎಲ್ಲರೂ ಗಂಟು ಕಟ್ಟಿಕೊಂಡು ಹೋದರೆ? ನಮ್ಮ ತಾಲ್ಲೂಕಿನ ತಮಿಳು ಶಾಸನಗಳು ಎಪಿಗ್ರಾಫಿಯ ಕರ್ನಾಟಕದಲ್ಲಿ ಅಚ್ಚಾಗಿ ಕುಳಿತಿವೆ; ಅವುಗಳಲ್ಲಿ ಹೆಸರಿರುವವರ ಮೊಮ್ಮಕ್ಕಳು ಇಂದು ಅಪ್ಪಟ ಕನ್ನಡಿಗರಾಗಿ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಕಷ್ಟವೆಂದು ಗೊಣಗುತ್ತಿರಬಹುದು. ಇರಲಿ. ವಲಸೆ ಎಂಬುದು ನಮ್ಮ ಹೊಳೆಯ ದಂಡೆಯಲ್ಲಿ ಹೊಸ ಸಂಗತಿಯಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಟಿಬೆಟ್ಟಿನವರ ವಿಷಯ. ದಲಾಯಿ ಲಾಮಾ ಅವರು 1959ರ ಮಾರ್ಚಿಯಲ್ಲಿ ಲ್ಹಾಸಾ ಬಿಟ್ಟರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಇವರಿಗೆ ನೆಲೆ ಕೊಡಿರೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಕೈ ನೀಡಿದ್ದು ಅಂದಿನ ಮೈಸೂರು ಸರ್ಕಾರ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಅವರಿಗಾಗಿ ತೆಗೆದಿಡಲಾಯಿತು. 1960ರ ಕೊನೆಗೆ ಮೊದಲ ತಂಡ ಬಂದಿತು. ಮಂಜಿನ ಸೀಮೆಯ ಜನ, ನಮ್ಮ ಬಿಸಿಲು ಕಂಡವರಲ್ಲ. ಮರ ಕಡಿದು, ಬುಡ ಕಿತ್ತು, ಆನೆಗಳ ಕಾಟದಲ್ಲಿ ಜೋಳ ಬಿತ್ತಿದರು. ಕಾಯಿಲೆಯಿಂದ ಸತ್ತವರು ಅನೇಕರು. ಅವರ ದುಡಿಮೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ. ಆಮೇಲೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲುಕುಪ್ಪೆಯದೇ ಎರಡನೆಯ ನೆಲೆ, 1972ರಲ್ಲಿ ಹುಣಸೂರಿನ ಬಳಿ ಗುರುಪುರ, 1974ರಲ್ಲಿ ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ಈ ಕೊನೆಯದಕ್ಕೆ ಹೋಗುವ ದಾರಿ ನಮ್ಮೂರಿನ ಮೇಲೆಯೇ ಹಾದುಹೋಗುತ್ತದೆ. ಕೊಳ್ಳೇಗಾಲದ ಬಸ್ಸಿನಲ್ಲಿ ಕಾವಿಗಿಂತ ಗಾಢವಾದ ಆ ಕೆಂಪು ಬಟ್ಟೆಯ ಭಿಕ್ಷುಗಳು ಕುಳಿತಿದ್ದರೆ ನಮ್ಮ ಜನ ಎದ್ದು ಜಾಗ ಕೊಡುವುದನ್ನು ಬಾಲ್ಯದಿಂದ ನೋಡಿದ್ದೇನೆ. ಒಳ್ಳೆಯದೇ.

ಹಕ್ಕಿಪಿಕ್ಕಿಯವರು ಯಾವಾಗ ಬಂದರೆಂದು ಹೇಳುವ ತಾರೀಖು ಇಲ್ಲ. ಹಕ್ಕಿಪಿಕ್ಕಿ ಎಂಬ ಹೆಸರು ಅವರಿಗೆ ಊರವರು ಇಟ್ಟದ್ದು, ಹಕ್ಕಿ ಹಿಡಿಯುತ್ತಿದ್ದರೆಂದು. ಅವರ ಮಾತಿನ ಹೆಸರು ವಾಗ್ರಿ. ಅದು ಗುಜರಾತಿಗೆ ಹತ್ತಿರದ ಮಾತು. ಅವರ ಬೆಡಗುಗಳ ಹೆಸರಿನಲ್ಲೂ ಗುಜರಾತ್, ಮೇವಾಡಗಳ ನೆನಪು ಉಳಿದಿದೆ. ರಾಣಾ ಪ್ರತಾಪನ ವಂಶದ ಕಡೆಯವರು ತಾವೆಂದು ಅವರ ಹಿರಿಯರು ಹೇಳುವುದುಂಟು. ಇತಿಹಾಸ ಅದನ್ನು ಒಪ್ಪಲಿ ಬಿಡಲಿ, ಉತ್ತರದಿಂದ ದಕ್ಷಿಣಕ್ಕೆ ನೂರಾರು ವರ್ಷ ನಡೆದು ಬಂದ ಜನ ಎಂಬುದಕ್ಕೆ ಭಾಷೆಯೇ ಸಾಕ್ಷಿ. ಇದೇ ವಾಗ್ರಿ ಮಾತಿನವರನ್ನು ತಮಿಳುನಾಡಿನಲ್ಲಿ ನರಿಕುರವರೆನ್ನುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳ ಸಂಖ್ಯೆ 11,892. ನಮ್ಮ ಜಿಲ್ಲೆಯಲ್ಲಿ ಇವರ ಮುಖ್ಯ ನೆಲೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ. ಎಂಥ ಹೆಸರು! ಹಕ್ಕಿ ಹಿಡಿಯಬೇಡಿರೆಂದು ಹೇಳಿ ನೆಲೆ ನಿಲ್ಲಿಸಿದ ಜನರ ಊರಿಗೆ ಹಕ್ಕಿಗಳ ರಾಜನ ಹೆಸರು.

ಈಗ ‘ಜಾಗ ಕೊಟ್ಟಿತು’ ಎಂಬ ಮಾತಿಗೆ ಬರುತ್ತೇನೆ. ವ್ಯಾಕರಣದಲ್ಲಿ ಅದು ಒಂದೇ ಕ್ರಿಯಾಪದ, ಲೋಕದಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳು. ಬೈಲುಕುಪ್ಪೆಯಲ್ಲಿ ಕೊಟ್ಟದ್ದು ಏನು? ತಲೆಗೆ ಒಂದೆಕರೆಯ ಲೆಕ್ಕದಲ್ಲಿ ಒಂದೇ ಕಡೆ ಕೂಡಿದ ಜಮೀನು. ಆ ಜಮೀನಿನ ಜೊತೆಗೆ ಅವರ ಹಿರಿಯರ ಆಡಳಿತ ಅವರಿಗೇ ಉಳಿಯಿತು. ಇಂದಿಗೂ ಪ್ರತಿ ನೆಲೆಗೂ ಧರ್ಮಶಾಲೆಯಿಂದ ಒಬ್ಬ ಅಧಿಕಾರಿ ನೇಮಕವಾಗಿ ಬರುತ್ತಾನೆ. ಬೆಳೆದ ಜೋಳವನ್ನು ಕೊಳ್ಳಲು, ಗೊಬ್ಬರ ತರಿಸಲು, ಟ್ರಾಕ್ಟರು ಬಾಡಿಗೆಗೆ ಕೊಡಲು ಸಹಕಾರ ಸಂಘ ಹುಟ್ಟಿತು. ಮಕ್ಕಳಿಗಾಗಿ ಕೇಂದ್ರದ ಶಿಕ್ಷಣ ಇಲಾಖೆ 1961ರಲ್ಲಿ ಪ್ರತ್ಯೇಕ ಆಡಳಿತ ಮಂಡಲಿಯನ್ನೇ ಸ್ಥಾಪಿಸಿತು. ಆ ಶಾಲೆಗಳಲ್ಲಿ ಟಿಬೆಟ್ ಭಾಷೆಯನ್ನು ಕಲಿಸಿದರು. ಸ್ವಿಟ್ಜರ್ಲೆಂಡಿನಿಂದ ನೆರವು ಬಂತು. 1968ರಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿದ್ದೇ ಟಿಬೆಟ್ಟಿನವರ ಪುನರ್ವಸತಿಗಾಗಿ. ಇಂದು ಹಳ್ಳಿ ಹೆಂಗಸರ ಸ್ವಸಹಾಯ ಸಂಘಗಳಿಂದ ಹೆಸರಾಗಿರುವ ಆ ಸಂಸ್ಥೆಯ ಮೂಲ ಇದು ಎಂಬುದನ್ನು ಬಹಳ ಜನ ಮರೆತಿದ್ದಾರೆ. 1963ರಲ್ಲಿ ನಮ್‌ಡ್ರೋಲಿಂಗ್ ವಿಹಾರ ಆರಂಭವಾಯಿತು, ಮುಂದೆ ಸೆರಾ ಮಹಾವಿಹಾರವೂ ಅಲ್ಲಿ ಮತ್ತೆ ತಲೆಯೆತ್ತಿತು.

ಇಷ್ಟಕ್ಕೂ ಮಿಗಿಲಾದ ಒಂದು ಸಂಗತಿಯಿದೆ. ‘ನೀವು ಏನಾಗಿದ್ದಿರೋ ಅದನ್ನು ಬಿಡಿ’ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರ ಸಂಸ್ಕೃತಿ ಅಳಿಯಬಾರದು ಎಂಬುದೇ ನೆಹರೂ ಅವರ ಆಶಯವಾಗಿತ್ತು. ಬೇರೆ ನೆಲ, ಬೇರೆ ಶಾಲೆ, ಬೇರೆ ನೆಲೆ ಎಲ್ಲವೂ ಆ ಒಂದು ಆಶಯದಿಂದ ಹುಟ್ಟಿದವು.

ಹಕ್ಕಿಪಿಕ್ಕಿಯವರಿಗೆ ಕೊಟ್ಟದ್ದು ಒಂದಿಷ್ಟು ಜಾಗ ಮತ್ತು ಒಂದು ಬುದ್ಧಿಮಾತು: ತಿರುಗುವುದನ್ನು ಬಿಡಿ, ಬೇಟೆ ಬಿಡಿ, ಬೇಸಾಯ ಮಾಡಿ. ತಲೆತಲಾಂತರದಿಂದ ನೇಗಿಲು ಹಿಡಿಯದ ಕೈಗೆ ನೇಗಿಲು ಕೊಟ್ಟು, ಮಾರನೆಯ ಸುಗ್ಗಿಗೆ ಕಣಜ ತುಂಬಿಲ್ಲವೆಂದು ಬೆರಳು ತೋರಿಸುವುದು ಎಂಥ ನ್ಯಾಯ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1990–91ರಲ್ಲಿ ನಮ್ಮ ದೇಶದ ಹಕ್ಕಿಗಳ ಮಾರಾಟವೇ ಪೂರ್ತಿ ನಿಷಿದ್ಧವಾಯಿತು. ಕಾಯಿದೆ ಬೇಕಾಗಿತ್ತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಗಿಳಿ ಗೌಜಲುಗಳ ಮೇಲೆ ನನಗೂ ಪ್ರೀತಿಯಿದೆ. ಆದರೆ ಆ ಕಾಯಿದೆಯ ಬೆಲೆಯನ್ನು ತೆತ್ತವರು ಯಾರು? ಮೋಜಿಗೆ ಹುಲಿ ಹೊಡೆದ ದೊಡ್ಡ ಮನುಷ್ಯರ ಹಜಾರದ ಗೋಡೆಯಲ್ಲಿ ಹುಲಿಯ ತಲೆ ಇಂದಿಗೂ ಹಲ್ಲು ಕಿರಿಯುತ್ತಿದೆ, ಅತಿಥಿಗಳು ಅದನ್ನು ಮೆಚ್ಚುತ್ತಾರೆ. ಹೊಟ್ಟೆಗಾಗಿ ಬಲೆ ಹಾಸುತ್ತಿದ್ದವನು ಒಂದು ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಅಪರಾಧಿಯಾಗಿದ್ದ. ಬಲೆಯ ಬದಲು ಅವನ ಕೈಗೆ ಏನು ಬಂದಿತು? ಪ್ಲಾಸ್ಟಿಕ್ ಹೂವು, ಸೂಜಿ, ಪಿನ್ನು, ಮಣಿಸರ. ಅದನ್ನೂ ಅವರೇ ಹುಡುಕಿಕೊಂಡರು, ನಾವು ಕೊಟ್ಟದ್ದಲ್ಲ.

ಇನ್ನು ‘ತಿರುಗುವುದು ತಪ್ಪಲಿಲ್ಲ’ ಎಂಬ ಆಕ್ಷೇಪ. ವೇದಿಕೆಯ ಮಹನೀಯರು ಇದನ್ನು ಕೊನೆಯ ಬಾಣವೆಂಬಂತೆ ಬಿಟ್ಟರು. ಅವರನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಚಳಿಗಾಲದಲ್ಲಿ ನೀವು ಸ್ವೆಟರು ಕೊಂಡದ್ದು ಯಾರಿಂದ? ಟಿಬೆಟ್ಟಿನ ಬೇಸಾಯಗಾರರ ಸಂಸಾರ ನಡೆದದ್ದು ಜೋಳದಿಂದ ಮಾತ್ರವಲ್ಲ. ತಲೆಗೊಂದೆಕರೆಯಲ್ಲಿ ಮಳೆ ನಂಬಿ ಬೆಳೆದ ಜೋಳದಿಂದ ಯಾವ ಸಂಸಾರ ನಡೆದೀತು? ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಉಣ್ಣೆಯ ಬಟ್ಟೆಯ ಗಂಟು ಹೊತ್ತು ಊರೂರಿಗೆ, ರಾಜ್ಯ ರಾಜ್ಯಕ್ಕೆ ಹೋಗಿ, ಪಾದಚಾರಿ ಮಾರ್ಗದಲ್ಲಿ ಅಂಗಡಿ ಹೂಡಿ, ಮೂರು ನಾಲ್ಕು ತಿಂಗಳು ಕಳೆದು ಹಿಂತಿರುಗುತ್ತಾರೆ. ಇದು ತಿರುಗಾಟವಲ್ಲವೆ? ತಿರುಗುವುದು ರಕ್ತದ ಗುಣವಾದರೆ ಇಬ್ಬರ ರಕ್ತವೂ ಒಂದೇ ಆಗಬೇಕು. ಒಬ್ಬರು ಉಣ್ಣೆ ಹೊತ್ತು ತಿರುಗಿದರೆ ಅದು ವ್ಯಾಪಾರ; ಇನ್ನೊಬ್ಬರು ಮಣಿ ಹೊತ್ತು ತಿರುಗಿದರೆ ಅಲೆಮಾರಿತನ!

ವ್ಯತ್ಯಾಸ ಇರುವುದು ತಿರುಗಾಟದಲ್ಲಲ್ಲ, ಮನೆಯಲ್ಲಿ ಬಿಟ್ಟು ಹೋಗುವ ಮಕ್ಕಳ ಪಾಡಿನಲ್ಲಿ. ಸ್ವೆಟರಿನವರು ಹೊರಟಾಗ ಮಕ್ಕಳು ನೆಲೆಯಲ್ಲೇ ಉಳಿಯುತ್ತಾರೆ. ಶಾಲೆಯಿದೆ, ವಸತಿಯಿದೆ, ವಿಹಾರವಿದೆ, ವೃದ್ಧರಿಗೂ ಆಶ್ರಯವಿದೆ. ತಂದೆತಾಯಿ ಇಲ್ಲದ ನಾಲ್ಕು ತಿಂಗಳಲ್ಲಿ ಮಗುವಿನ ಪಾಠ ನಿಲ್ಲುವುದಿಲ್ಲ. ಮಣಿಸರದವರು ಹೊರಟಾಗ ಮಗು ತಾಯಿಯ ಕಂಕುಳಲ್ಲಿ, ಇಲ್ಲವೆ ಅವಳ ಸೆರಗು ಹಿಡಿದು ಹಿಂದೆ. ಸುತ್ತೂರಿನ ಜಾತ್ರೆಯಲ್ಲಿ, ಮುಡುಕುತೊರೆಯ ಜಾತ್ರೆಯಲ್ಲಿ, ಶ್ರೀಕಂಠೇಶ್ವರನ ದೊಡ್ಡ ರಥದ ಬೀದಿಯಲ್ಲಿ, 2025ರ ಫೆಬ್ರವರಿಯಲ್ಲಿ ನಮ್ಮೂರಿನ ಸಂಗಮದಲ್ಲಿ ನಡೆದ ಕುಂಭಮೇಳದಲ್ಲಿ ಶಾಲೆಯಲ್ಲಿರಬೇಕಾದ ಇಂಥ ಮಕ್ಕಳನ್ನು ನಾನು ಕಂಡಿದ್ದೇನೆ. ಏಳೆಂಟು ವರ್ಷದ ಹುಡುಗಿ ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳುತ್ತಾಳೆ, ತಾಯಿಗೆ ವಾಗ್ರಿಯಲ್ಲಿ ಏನೋ ಕೂಗುತ್ತಾಳೆ, ಹೊರ ರಾಜ್ಯದ ಯಾತ್ರಿಕನಿಗೆ ಹಿಂದಿಯಲ್ಲಿ ಮರುಮಾತು ಕೊಡುತ್ತಾಳೆ, ಚಿಲ್ಲರೆಯನ್ನು ಒಂದು ಕಾಸು ತಪ್ಪದೆ ಎಣಿಸುತ್ತಾಳೆ. ನನ್ನ ಬಿ.ಎ. ತರಗತಿಯ ಎಷ್ಟು ಜನಕ್ಕೆ ಇದು ಸಾಧ್ಯ? ಆ ಹುಡುಗಿಯನ್ನು ನಾವು ‘ಓದು ಹತ್ತದ ಜಾತಿ’ ಎನ್ನುತ್ತೇವೆ.

ಇಲ್ಲಿ ಕೊಳ್ಳುವವರ ನಡವಳಿಕೆಯನ್ನೂ ಸ್ವಲ್ಪ ನೋಡಬೇಕು. ಮೈಸೂರಿನ ಸ್ವೆಟರ್ ಅಂಗಡಿಯ ಮುಂದೆ ನಮ್ಮ ಗೃಹಸ್ಥರು ಒಂದು ಮಾತೂ ಆಡದೆ ಹಣ ಕೊಡುತ್ತಾರೆ. ‘ಅವರದು ಒಂದೇ ಬೆಲೆ, ಮೋಸವಿಲ್ಲ’ ಎಂಬ ಖ್ಯಾತಿ. ಅದೇ ಗೃಹಸ್ಥರು ನಂಜನಗೂಡಿನ ದೇವಸ್ಥಾನದ ಮುಂದೆ ಮೂವತ್ತು ರೂಪಾಯಿಯ ಸರಕ್ಕೆ ಹತ್ತರಿಂದ ಕೇಳಲಾರಂಭಿಸಿ, ಕೊನೆಗೆ ಕೊಳ್ಳದೆ, “ಎಲ್ಲ ಕಳ್ಳಮಾಲು” ಎಂದು ತಿರುಗಿ ನಡೆಯುತ್ತಾರೆ. ಒಬ್ಬನ ಮೇಲೆ ವಿಶ್ವಾಸ ಇಟ್ಟು ಇನ್ನೊಬ್ಬಳ ಮೇಲೆ ಅನುಮಾನ ಇಟ್ಟು ಅರವತ್ತು ವರ್ಷ ವ್ಯಾಪಾರ ಮಾಡಿದ ಮೇಲೆ, ಇಬ್ಬರ ಗಲ್ಲಾಪೆಟ್ಟಿಗೆಯಲ್ಲಿ ಸಮನಾದ ಹಣ ಏಕಿಲ್ಲವೆಂದು ಕೇಳುವುದು ಸೋಜಿಗ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ಹಕ್ಕಿಪಿಕ್ಕಿಯವರಲ್ಲಿ ಮದುವೆಗೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುವುದು ಪದ್ಧತಿ. ಮಗಳ ಮದುವೆಗೆ ಸಾಲ ಮಾಡಿ ಅಳಿಯನಿಗೆ ಕಾರು ಕೊಡಿಸುವ ನಾವು ಅವರಿಗೆ ಸಂಸ್ಕಾರ ಕಲಿಸಲು ಹೊರಟಿದ್ದೇವೆ.

“ಅವರಿಗೆ ಮೀಸಲಾತಿ ಇದೆಯಲ್ಲ, ಇನ್ನೇನು ಬೇಕು?” ಎಂದು ಕೇಳುವವರಿದ್ದಾರೆ. ಇದೆ, ಹೌದು. ನಮ್ಮ ರಾಜ್ಯದಲ್ಲಿ ಅವರು ಪರಿಶಿಷ್ಟ ವರ್ಗಕ್ಕೆ ಸೇರಿದವರು. ತಮಿಳುನಾಡಿನ ನರಿಕುರವರಿಗೆ ಆ ಭಾಗ್ಯ ಸಿಕ್ಕಲು ಸಂಸತ್ತು 2022ರ ಕೊನೆಯವರೆಗೆ ಕಾಯಿಸಿತು. ಆದರೆ ಲೆಕ್ಕ ನೋಡಿ. 2011ರಲ್ಲಿ ಕರ್ನಾಟಕದ ಪರಿಶಿಷ್ಟ ವರ್ಗಗಳ ಒಟ್ಟು ಜನಸಂಖ್ಯೆ 42 ಲಕ್ಷಕ್ಕೂ ಮೇಲೆ. ಅದರಲ್ಲಿ ಹನ್ನೆರಡು ಸಾವಿರ ತುಂಬದ ಈ ಜನ ಎಲ್ಲಿ ನಿಂತಾರು? ಸರತಿಯ ಸಾಲಿನಲ್ಲಿ ನಿಲ್ಲಲು ಮೊದಲು ಹತ್ತನೆಯ ತರಗತಿ ಮುಟ್ಟಬೇಕು. ಹತ್ತನೆಯ ತರಗತಿಯವರೆಗೆ ಬಂದ ಹುಡುಗನ ಕೈಯಲ್ಲಿ ಜಾತಿ ಪ್ರಮಾಣಪತ್ರ ಇರಬೇಕು. ತಿರುಗುವ ಅಪ್ಪನ ಹೆಸರು ಯಾವ ಊರಿನ ಯಾವ ದಾಖಲೆಯಲ್ಲಿದೆ ಎಂದು ಮೇಜಿನ ಹಿಂದಿನವರು ಕೇಳುತ್ತಾರೆ. ಮೀಸಲಾತಿ ಬಾಗಿಲು ನಿಜ, ಆದರೆ ಬಾಗಿಲವರೆಗೆ ಬರಲು ದಾರಿ ಬೇಡವೆ? ಟಿಬೆಟ್ಟಿನವರಿಗೆ ಬಾಗಿಲಿಲ್ಲದಿದ್ದರೂ ದಾರಿ ಮಾಡಿಕೊಟ್ಟೆವು. ಇವರಿಗೆ ದಾರಿಯಿಲ್ಲದ ಕಡೆ ಬಾಗಿಲು ನಿಲ್ಲಿಸಿದೆವು.

ಆಶ್ರಮ ಶಾಲೆಗಳಿಲ್ಲವೆ ಎನ್ನಬಹುದು. ಇವೆ. ಅವುಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವ ಮೇಷ್ಟರುಗಳನ್ನು ಬಲ್ಲೆ. ಆದರೆ ವಾಗ್ರಿ ಆಡುವ ಮಗು ಮೊದಲ ದಿನ ಶಾಲೆಗೆ ಬಂದಾಗ ಅದಕ್ಕೆ ಅರ್ಥವಾಗುವ ಒಂದು ಮಾತನ್ನಾದರೂ ಆಡಬಲ್ಲವರು ಅಲ್ಲಿ ಎಷ್ಟು ಜನ? ಯುನೆಸ್ಕೊ ಸಂಸ್ಥೆ ಅಳಿವಿನಂಚಿನಲ್ಲಿರುವ ಭಾಷೆಗಳಲ್ಲಿ ವಾಗ್ರಿಯನ್ನೂ ಎಣಿಸಿದೆ. ಕನ್ನಡಕ್ಕೆ ಅನ್ಯಾಯವಾಯಿತೆಂದು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಗಂಟಲು ಬಿಗಿಯುವ ನಾವು, ನಮ್ಮದೇ ಜಿಲ್ಲೆಯ ಒಂದು ಮಾತು ನಮ್ಮ ಕಣ್ಣೆದುರಿಗೆ ಸಾಯುವುದನ್ನು ನೋಡಿ ಆಕಳಿಸುತ್ತೇವೆ. ಕನ್ನಡದ ಅಧ್ಯಾಪಕನಾಗಿ ಹೇಳುತ್ತೇನೆ, ಒಂದನೆಯ ಎರಡನೆಯ ತರಗತಿಯಲ್ಲಿ ವಾಗ್ರಿಯ ಊರುಗೋಲು ಕೊಟ್ಟರೆ ಆ ಮಗು ಕನ್ನಡವನ್ನು ಇನ್ನೂ ಚೆನ್ನಾಗಿ ಕಲಿತೀತು. ಬೇರೆ ಭಾಷೆಗೆ ಜಾಗ ಕೊಟ್ಟರೆ ಕನ್ನಡ ಕುಗ್ಗುತ್ತದೆ ಎಂಬ ಭಯ ಬೈಲುಕುಪ್ಪೆಯ ವಿಷಯದಲ್ಲಿ ನಮಗೆ ಬರಲಿಲ್ಲ. ಪಕ್ಷಿರಾಜಪುರದಲ್ಲಿ ಮಾತ್ರ ಏಕೆ ಬರಬೇಕು?

ಇನ್ನು ಸಾಹಸ ಪ್ರವೃತ್ತಿ. ಹಕ್ಕಿಪಿಕ್ಕಿಯವರಲ್ಲಿ ಉದ್ಯಮಶೀಲತೆಯಿಲ್ಲವಂತೆ! 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಪತ್ರಿಕೆ ಓದಿದವರಿಗೆಲ್ಲ ಆಶ್ಚರ್ಯವಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳಿದ್ದರು, ನಮ್ಮ ಹುಣಸೂರು ಕಡೆಯವರಿದ್ದರು. ಗಿಡಮೂಲಿಕೆಯ ಎಣ್ಣೆ, ಔಷಧಿ ಹೊತ್ತು ಆಫ್ರಿಕದ ಊರುಗಳಲ್ಲಿ ಮಾರುವುದು ಅವರಿಗೆ ಎರಡು ದಶಕಗಳ ಅಭ್ಯಾಸ. ನಮ್ಮಲ್ಲಿ ಪದವೀಧರನಾದವನು ಬೆಂಗಳೂರಿಗೆ ಹೋಗಲು ಸೋದರಮಾವನ ವಿಳಾಸ ಹುಡುಕುತ್ತಾನೆ. ಇವರು ಅರಬ್ಬಿ ಮಾತು ಬಾರದೆ, ಯಾವ ಸಂಸ್ಥೆಯ ಶಿಫಾರಸೂ ಇಲ್ಲದೆ, ಸಾಲ ಮಾಡಿ ಟಿಕೆಟು ಕೊಂಡು, ಮರಳುಗಾಡಿನ ಪಟ್ಟಣಗಳಲ್ಲಿ ಬಾಡಿಗೆ ಮನೆ ಹಿಡಿದು ವ್ಯಾಪಾರ ಮಾಡಿದರು. ಗುಂಡಿನ ಮಳೆಯಲ್ಲಿ ಅನ್ನ ನೀರಿಲ್ಲದೆ ಕುಳಿತ ಆ ಜನರನ್ನು ಹೊರತರಲು ಭಾರತ ಸರ್ಕಾರ ನಡೆಸಿದ ಕಾರ್ಯಾಚರಣೆಗೆ ನಮ್ಮ ಹೊಳೆಯ ಹೆಸರನ್ನೇ ಇಟ್ಟಿತ್ತು, ‘ಆಪರೇಷನ್ ಕಾವೇರಿ’. ಮರಳಿ ಬಂದವರ ಸರಕು ಹೋಗಿತ್ತು, ಸಾಲ ಉಳಿದಿತ್ತು. ಆಮೇಲಿನ ಒಂದೆರಡು ವರ್ಷಗಳಲ್ಲಿ ಅದೇ ಪಕ್ಷಿರಾಜಪುರದ ‘ಆದಿವಾಸಿ’ ತಲೆಗೂದಲ ಎಣ್ಣೆ ಮೊಬೈಲ್ ಫೋನಿನ ಮೂಲಕ ದೇಶವೆಲ್ಲ ಸುದ್ದಿಯಾಯಿತು. ಕೂದಲು ಬೆಳೆಯುತ್ತದೆಯೋ ಇಲ್ಲವೋ, ಬೋಳುತಲೆಯ ನಾನು ಆ ವಿಷಯದಲ್ಲಿ ತೀರ್ಪು ಕೊಡಲು ಅರ್ಹನಲ್ಲ. ಆ ಎಣ್ಣೆಯಿಂದ ಕೆಲವು ಮನೆಗಳಿಗೆ ದುಡ್ಡು ಬಂದಿದೆ. ಬಂದ ಕೂಡಲೇ ನಮ್ಮ ಮಾತೂ ಬದಲಾಯಿತು: ನಿನ್ನೆಯವರೆಗೆ ‘ದುಡಿಯದ ಜನ’, ಇಂದು ‘ದೇಶಕ್ಕೇ ಟೋಪಿ ಹಾಕುವ ಜನ’. ಎಣ್ಣೆಯ ಗುಣವನ್ನು ಪರೀಕ್ಷೆ ಮಾಡಿಸಿ, ಸುಳ್ಳು ಜಾಹೀರಾತು ಇದ್ದರೆ ತಡೆಯಿರಿ, ಬೇಡವೆನ್ನುವುದಿಲ್ಲ. ಆದರೆ ದೊಡ್ಡ ಕಂಪನಿಗಳ ಕೂದಲೆಣ್ಣೆಯ ಜಾಹೀರಾತು ನೋಡಿ ನಾವು ಯಾವತ್ತಾದರೂ ಆ ಕಂಪನಿಯ ಯಜಮಾನರ ಜಾತಿಯ ಗುಣದ ಮಾತೆತ್ತಿದ್ದೇವೆಯೆ?

ಇಷ್ಟು ಓದಿ, ನಾನು ಟಿಬೆಟ್ಟಿನವರ ವಿರುದ್ಧ ಬರೆಯುತ್ತಿದ್ದೇನೆಂದು ಯಾರಾದರೂ ಭಾವಿಸಿದರೆ ಅವರು ನನ್ನನ್ನು ತಪ್ಪು ತಿಳಿದರು. ಅಂಥವರೂ ಈಗ ಹುಟ್ಟಿಕೊಂಡಿದ್ದಾರೆ. “ನಮ್ಮ ಜಮೀನು ತಿಂದು ಕೊಬ್ಬಿದರು” ಎಂದು ಕೋಲನ್ನು ಇನ್ನೊಂದು ತುದಿಯಿಂದ ಹಿಡಿದು ಬೀಸುತ್ತಾರೆ. ಅವರಿಗೂ ಉತ್ತರ ಹೇಳಬೇಕು. ಬೈಲುಕುಪ್ಪೆಯ ಒಂದು ಗೇಣು ನೆಲವನ್ನೂ ಟಿಬೆಟ್ಟಿನವನು ತನ್ನದೆಂದು ಮಾರಲಾರ, ಅಡವಿಡಲಾರ. 2014ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪುನರ್ವಸತಿ ನೀತಿ ರಾಜ್ಯಗಳಿಗೆ ಹೇಳಿದ್ದು ಇಪ್ಪತ್ತು ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿರೆಂದು. ಇಲ್ಲೇ ಹುಟ್ಟಿ, ಇಲ್ಲೇ ಮುದುಕನಾದವನೂ ‘ವಿದೇಶಿ’ಯೆಂಬ ನೋಂದಣಿ ಪತ್ರವನ್ನು ನವೀಕರಿಸುತ್ತಿರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಪೌರತ್ವ ಕಾಯಿದೆ ಹೇಳುತ್ತದೆ. ನಮ್ಮ ಉಚ್ಚ ನ್ಯಾಯಾಲಯ 2013ರಲ್ಲಿ ಟಿಬೆಟ್ಟಿನವರಿಗೂ ಅದು ಅನ್ವಯಿಸುತ್ತದೆಂದು ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ 2017ರಲ್ಲಿ, ಭಾರತದ ಪಾಸ್‌ಪೋರ್ಟ್ ಬೇಕೆಂಬ ಟಿಬೆಟ್ಟಿನವನು ನೋಂದಣಿ ಪತ್ರ ಹಿಂತಿರುಗಿಸಬೇಕು, ನಿರಾಶ್ರಿತರ ನೆಲೆಯಲ್ಲಿ ವಾಸಿಸಕೂಡದು ಎಂಬ ಷರತ್ತು ಬಂದಿತು. ಎಂದರೆ, ಪ್ರಜೆಯಾಗಬೇಕಾದರೆ ಅಪ್ಪ ಕಟ್ಟಿದ ಮನೆ ಬಿಡು! ಹಳಬರು ಇದಕ್ಕೂ ಹಿಂದೆಗೆಯುತ್ತಾರೆ. ಎಳೆಯರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ ಕೆನಡಗಳಿಗೆ ಹೊರಟುಹೋಗುತ್ತಿದ್ದಾರೆ. ಸ್ವರ್ಣಮಂದಿರದ ಹೊಳಪು ನೋಡಿ ಬರುವ ಪ್ರವಾಸಿಗೆ ಹಿಂದಿನ ಬೀದಿಗಳಲ್ಲಿ ಮುದುಕರೇ ಹೆಚ್ಚಾಗಿರುವುದು ಕಾಣುವುದಿಲ್ಲ.

ಹೀಗೆ ಒಬ್ಬರಿಗೆ ಶಾಲೆ, ಸಂಘ, ಆಸ್ಪತ್ರೆ ಇದ್ದು ದೇಶವಿಲ್ಲ. ಇನ್ನೊಬ್ಬರಿಗೆ ದೇಶವಿದೆ, ಮತದ ಚೀಟಿಯಿದೆ, ಪಟ್ಟಿಯಲ್ಲಿ ಹೆಸರಿದೆ, ಉಳಿದದ್ದು ಇಲ್ಲ. ಈ ಇಬ್ಬರನ್ನು ತಕ್ಕಡಿಯಲ್ಲಿಟ್ಟು ಗುಣ ತೂಗುವ ಮೊದಲು ತಕ್ಕಡಿ ಹಿಡಿದವರು ತಮ್ಮ ಕೈ ನೋಡಿಕೊಳ್ಳಬೇಕಾಗಿತ್ತು. ಇಬ್ಬರ ಸ್ಥಿತಿಯೂ ಬಹುಮಟ್ಟಿಗೆ ನಾವು, ಎಂದರೆ ನಮ್ಮ ಸರ್ಕಾರ ಮತ್ತು ನಮ್ಮ ಮರ್ಯಾದಸ್ಥ ಸಮಾಜ, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ, ತಾಂಡವಪುರದ ಕಡೆಯ ಕಾರ್ಖಾನೆಗಳಿಗೆ ಬಿಹಾರ, ಒಡಿಶಾಗಳಿಂದ ಬರುವ ಹುಡುಗರು ಈಗ ನಮ್ಮ ಬೀದಿಗಳಲ್ಲೇ ಬಾಡಿಗೆಗಿದ್ದಾರೆ. ಒಂದು ಕೋಣೆಯಲ್ಲಿ ಎಂಟು ಜನ. ನಾಳೆ ಅವರ ಸಂಸಾರ ಬರುತ್ತದೆ, ಮಕ್ಕಳು ಹುಟ್ಟುತ್ತಾರೆ. ಅವರ ಮೊಮ್ಮಕ್ಕಳನ್ನು ಯಾರು ಯಾರೊಂದಿಗೆ ಹೋಲಿಸಿ ಯಾವ ಗುಣ ಕಟ್ಟುವರೋ ಎಂಬ ಯೋಚನೆ ನನಗೆ ಸಂಜೆ ಬಸ್ಸಿಗೆ ಕಾಯುವಾಗ ಬರುತ್ತದೆ.

ನಾನು ಕೇಳುವುದು ದೊಡ್ಡ ಕ್ರಾಂತಿಯನ್ನೇನೂ ಅಲ್ಲ. ಟಿಬೆಟ್ಟಿನವರಲ್ಲಿ ಕಾನೂನಿನ ಪ್ರಕಾರ ಪ್ರಜೆಗಳಾದವರಿಗೆ ಮನೆ ಬಿಡಿಸದೆ ಪೌರತ್ವದ ಕಾಗದ ಕೊಡಿ. ಬೇಡವೆಂದು ನಿರಾಶ್ರಿತರಾಗಿಯೇ ಉಳಿಯುವವರನ್ನು ಗೌರವದಿಂದ ಉಳಿಯಗೊಡಿ. ಹಕ್ಕಿಪಿಕ್ಕಿಯವರ ವಿಷಯದಲ್ಲಿ, ಬೈಲುಕುಪ್ಪೆಯಲ್ಲಿ ನಾವು ಯಶಸ್ವಿಯಾಗಿ ಮಾಡಿದ್ದನ್ನೇ ಇಲ್ಲಿಯೂ ಮಾಡಿ. ಅವರು ಇರುವ ನೆಲದ ಹಕ್ಕುಪತ್ರ ಅವರ ಕೈಗೆ ಬರಲಿ. ಅವರ ಎಣ್ಣೆಗೆ, ಮಣಿಗೆ ಒಂದು ಸಹಕಾರ ಸಂಘವಿರಲಿ. ಹೊರದೇಶಕ್ಕೆ ಹೋಗುವವರ ಹೆಸರು, ವಿಳಾಸ ಬರೆದಿಟ್ಟುಕೊಂಡು ಕಷ್ಟಕಾಲದಲ್ಲಿ ಕೇಳುವವರೊಬ್ಬರಿರಲಿ. ವಾಗ್ರಿ ಬಲ್ಲ ಇಬ್ಬರು ಮೂವರು ಯುವಕ ಯುವತಿಯರನ್ನು ಆಯ್ದು ತರಬೇತಿ ಕೊಟ್ಟು ಶಿಕ್ಷಕರನ್ನಾಗಿ ಮಾಡಿ. ಎಲ್ಲಕ್ಕಿಂತ ಮೊದಲು, ಅಪ್ಪ ಅಮ್ಮ ವ್ಯಾಪಾರಕ್ಕೆ ಹೋದ ತಿಂಗಳುಗಳಲ್ಲಿ ಮಕ್ಕಳು ಉಳಿಯಲು ಅವರ ಊರಿನಲ್ಲೇ, ಅವರ ಅಜ್ಜಿಯರೇ ಅಡಿಗೆ ಮಾಡುವ ಒಂದು ವಸತಿ ನಿಲಯ ತೆರೆಯಿರಿ. ದೂರದ ಊರಿನ ನಿಲಯಕ್ಕೆ ಮಗುವನ್ನು ಕಳಿಸೆಂದರೆ ಯಾವ ತಾಯಿಯೂ ಕಳಿಸಳು; ನಮ್ಮ ಮನೆಯವರೂ ಕಳಿಸರು.

ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಬರುವುದು ಮಾರ್ಚಿ ಏಪ್ರಿಲ್‌ನಲ್ಲಿ, ಶಾಲೆಗಳ ಪರೀಕ್ಷೆ ನಡೆಯುವ ಹೊತ್ತಿಗೆ. ವರ್ಷದ ಒಳ್ಳೆಯ ವ್ಯಾಪಾರಗಳಲ್ಲಿ ಅದೊಂದು, ಮಣಿಸರದವರು ಅದನ್ನು ಬಿಡಲಾರರು, ಬಿಡಬೇಕಾಗಿಯೂ ಇಲ್ಲ. ಆ ಹದಿನೈದು ದಿನ ಮಕ್ಕಳು ಪಕ್ಷಿರಾಜಪುರದಲ್ಲೇ ಉಳಿದು ಪರೀಕ್ಷೆ ಬರೆಯಬೇಕಾದರೆ ನಿಲಯದ ಬಾಗಿಲು ಜೂನ್ ತಿಂಗಳಲ್ಲೇ ತೆರೆದಿರಬೇಕು.